ಪಾನಾ ಹಿಡಿದ ಕೈಗಳ ಋಣ

"ಒಳ್ಳೆಯ ಮೆಕ್ಯಾನಿಕ್ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ." ಕೃಷಿಯಂತ್ರಗಳ ವ್ಯಾಪಾರದಲ್ಲಿರುವ ನಮ್ಮಂಥವರು ಮದುವೆಯ ಪಂಕ್ತಿಯಲ್ಲಾಗಲಿ, ಬಸದಿಯ ಜಗಲಿಯ ಮೇಲಾಗಲಿ ಸೇರಿದಾಗ ಈ ಮಾತು ಬಾರದೆ ಇರುವುದಿಲ್ಲ. ಹುಡುಗರಿಗೆ ನಿಷ್ಠೆಯಿಲ್ಲ, ಕಲಿಯುವ ತಾಳ್ಮೆಯಿಲ್ಲ, ನೂರು ರೂಪಾಯಿ ಹೆಚ್ಚು ಕೊಟ್ಟವರ ಕಡೆಗೆ ಓಡುತ್ತಾರೆ ಎಂದು ಎಲ್ಲರೂ ಒಂದೇ ರಾಗದಲ್ಲಿ ಹೇಳುತ್ತೇವೆ. ನಾನೂ ಅನೇಕ ವರ್ಷ ಹಾಗೆ ಹೇಳಿದವನೇ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ನನ್ನ ಅಂಗಡಿಯಿಂದ ಒಬ್ಬ ಮನುಷ್ಯ ಹೊರಟುಹೋದ ಕಾರಣ ಅದಲ್ಲ. ಆ ಕಾರಣವನ್ನು ಬರೆಯಲು ನನಗೆ ಸಂಕೋಚವಿದೆ. ಆದರೂ ವ್ಯಾಪಾರದಲ್ಲಿರುವ ಶ್ರಾವಕ ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕೋಡಿ ಭಾಗ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಕಪ್ಪು ನೆಲ. ಕಬ್ಬೇ ಮುಖ್ಯ ಬೆಳೆ. ನಮ್ಮ ಸಮಾಜದವರಲ್ಲಿ ಹೆಚ್ಚಿನವರು ಇಲ್ಲಿ ಒಕ್ಕಲುತನ ಮಾಡಿಕೊಂಡು ಬಂದವರು. ನಮ್ಮ ತಂದೆಯವರು 1979ರಲ್ಲಿ ಬಿಡಿಭಾಗಗಳ ಸಣ್ಣ ಅಂಗಡಿಯನ್ನು ತೆರೆದು, ಮುಂದೆ ಒಂದು ಕಂಪನಿಯ ಟ್ರ್ಯಾಕ್ಟರ್ ಮಾರಾಟದ ಹಕ್ಕನ್ನು ಪಡೆದರು. 1989ರ ಆರಂಭದಲ್ಲಿ ಅವರು ಒಬ್ಬ ತರುಣನನ್ನು ವರ್ಕ್‌ಶಾಪಿಗೆ ತಂದರು. ಊರೆಲ್ಲ ಅವರನ್ನು ಮಿಸ್ತ್ರಿ ಎಂದೇ ಕರೆಯಿತು. ನಾನೂ ಹಾಗೆಯೇ ಕರೆಯುತ್ತೇನೆ. ಆಗ ನನಗೆ ಹತ್ತು ವರ್ಷ. ಶಾಲೆ ಬಿಟ್ಟ ಮೇಲೆ ಅವರ ಪಕ್ಕದಲ್ಲಿ ಕುಳಿತು, ಅವರು ಕೇಳಿದ ಪಾನಾ ಎತ್ತಿಕೊಡುವುದು ನನ್ನ ಆಟವಾಗಿತ್ತು.

ಮಿಸ್ತ್ರಿಯವರ ವಿದ್ಯೆಯನ್ನು ಹೇಗೆ ವರ್ಣಿಸಲಿ? ಹೊಗೆಯ ಬಣ್ಣ ನೋಡಿ ಅವರು ರೋಗ ಹೇಳುತ್ತಿದ್ದರು. ಕಪ್ಪು ಹೊಗೆಯಾದರೆ ಗಾಳಿ ಸಾಲದೆ ಡೀಸೆಲ್ ಅರ್ಧ ಉರಿಯುತ್ತಿದೆ, ಇಲ್ಲವೆ ನಾಝಲ್ ಕೆಟ್ಟಿದೆ. ನೀಲಿಯಾದರೆ ಪಿಸ್ಟನ್ ರಿಂಗು ಸವೆದು ಎಂಜಿನ್ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯಾಗಿಯೇ ಉಳಿದರೆ ನೀರು ಒಳಗೆ ಸೇರಿರಬಹುದು. ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಅದರಲ್ಲಿ ಲೋಹದ ಪುಡಿ ಇದೆಯೇ ಎಂದು ಹೇಳುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಪೆಟ್ಟಿಗೆಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ ಯಾವ ಬೇರಿಂಗು ಕೂಗುತ್ತಿದೆಯೆಂದು ಗುರುತಿಸುತ್ತಿದ್ದರು. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಂದನ್ನು ತೆಳುವಾದ ತಗಡಿನ ಶಿಮ್‌ಗಳಿಂದ ಸರಿಪಡಿಸುವಾಗ ಒಂದು ಶಿಮ್ ಹೆಚ್ಚಾದರೂ ಕಡಿಮೆಯಾದರೂ ಅವರಿಗೆ ಸಮಾಧಾನವಿರಲಿಲ್ಲ. ಇಂಥ ಕೈ ಆರು ತಿಂಗಳಲ್ಲಿ ತಯಾರಾಗುವುದಿಲ್ಲ. ಹತ್ತು ವರ್ಷ ಬೇಕು.

2003ರಲ್ಲಿ ತಂದೆಯವರು ತೀರಿಕೊಂಡ ಮೇಲೆ ವ್ಯಾಪಾರ ನನ್ನ ಕೈಗೆ ಬಂತು. ಟ್ರ್ಯಾಕ್ಟರ್ ಮಾರಾಟದಲ್ಲಿ ಉಳಿಯುವ ಲಾಭ ತೆಳು. ಅಂಗಡಿಯ ಬಾಡಿಗೆ, ಬ್ಯಾಂಕಿನ ಬಡ್ಡಿ, ಪಗಾರ ಎಲ್ಲವೂ ಹುಟ್ಟಬೇಕಾದದ್ದು ಬಿಡಿಭಾಗಗಳಿಂದ ಮತ್ತು ದುರಸ್ತಿಯಿಂದ. ಆದ್ದರಿಂದ ನಾನು ಎರಡು ಹೊಸ ಪದ್ಧತಿಗಳನ್ನು ತಂದೆ. ಮೆಕ್ಯಾನಿಕರು ಎಷ್ಟು ಬಿಡಿಭಾಗ ಹಾಕಿಸುತ್ತಾರೋ ಅದರ ಮೇಲೆ ಅವರಿಗೆ ಪ್ರೋತ್ಸಾಹಧನ ಎಂಬುದು ಒಂದು. ಕಂಪನಿಯ ಭಾಗದ ಬದಲು ನೋಡಲು ಹಾಗೆಯೇ ಇರುವ ಅಗ್ಗದ ಮಾಲನ್ನು ಕೆಲವು ಕಡೆ ಬಳಸುವುದು ಇನ್ನೊಂದು. ಬಿಲ್ಲಿನಲ್ಲಿ ಮಾತ್ರ ಕಂಪನಿಯ ದರವೇ ಇರುತ್ತಿತ್ತು. ಪೇಟೆಯಲ್ಲಿ ಎಲ್ಲರೂ ಮಾಡುತ್ತಾರೆಂದು ನನಗೆ ನಾನೇ ಹೇಳಿಕೊಂಡೆ.

2018ರ ಜನವರಿ. ಕಬ್ಬಿನ ಹಂಗಾಮು ಜೋರಾಗಿತ್ತು. ಒಬ್ಬ ರೈತರ ಟ್ರ್ಯಾಕ್ಟರ್ ಹಿಂದಿನ ಆಕ್ಸಲಿನ ಆಯಿಲ್ ಸೀಲ್ ಸೋರುತ್ತಿದೆಯೆಂದು ಬಂತು. ಹಳೆಯ ಮಾದರಿಯ ಒಣ ಬ್ರೇಕಿನ ಗಾಡಿ. ಇಂಥದರಲ್ಲಿ ಸೀಲ್ ಸೋರಿದರೆ ಗೇರ್ ಎಣ್ಣೆ ನೇರವಾಗಿ ಬ್ರೇಕಿನ ಲೈನಿಂಗಿನ ಮೇಲೆ ಇಳಿಯುತ್ತದೆ; ಎಣ್ಣೆ ಕುಡಿದ ಲೈನಿಂಗು ಹಿಡಿಯುವುದಿಲ್ಲ. ನಾನು ಅಗ್ಗದ ಸೀಲನ್ನು ಕೊಟ್ಟೆ. ಮಿಸ್ತ್ರಿ ಅದನ್ನು ಬೆರಳಿನಿಂದ ಹಿಚುಕಿ ನೋಡಿದರು.

"ಇದು ಬ್ಯಾಡ್ರಿ ಅಣ್ಣಾರ. ರಬ್ಬರ್ ಈಗಲೇ ಬಿರುಸೈತಿ. ಎರಡು ಟ್ರೇಲರ್ ಎಳಿಯೋ ಗಾಡಿ ಇದು."

"ಹಂಗಾಮು ಮುಗಿಯೂತನಕ ತಡೀತೈತಿ, ಹಾಕ್ರಿ" ಎಂದೆ.

ಅವರು ಹಾಕಿದರು. ನನಗೆ ಉಳಿದದ್ದು ಇನ್ನೂರು ರೂಪಾಯಿಗಿಂತ ಕಡಿಮೆ.

ಮೂರು ವಾರಗಳ ನಂತರ ಆ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ನಿಲ್ಲಲಿಲ್ಲ. ಎದುರಿಗೆ ಶಾಲೆಯ ಮಕ್ಕಳು ಬರುತ್ತಿದ್ದರು. ಚಾಲಕ ಗಾಡಿಯನ್ನು ಹೊಲಕ್ಕೆ ತಿರುಗಿಸಿದ. ಹಿಂದಿನ ಟ್ರೇಲರ್ ಮಗುಚಿತು, ಚಾಲಕನ ಹೆಗಲಿನ ಎಲುಬು ಮುರಿಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಇದನ್ನು ಬರೆಯುವಾಗ ಇಂದಿಗೂ ನನ್ನ ಕೈ ನಡುಗುತ್ತದೆ.

ರೈತರು ಹತ್ತು ಜನರನ್ನು ಕರೆದುಕೊಂಡು ಅಂಗಡಿಗೆ ಬಂದರು. "ಬಿಲ್ಲಿನಾಗ ಕಂಪನಿ ಸೀಲ್ ಅಂತ ಬರದೀರಿ. ಮೂರ ವಾರದಾಗ ಹ್ಯಾಂಗ ಸೋರಿತು?" ಎಂದು ಕೇಳಿದರು. ಮಿಸ್ತ್ರಿ ಅಲ್ಲಿಯೇ ಒಂದು ಎಂಜಿನ್ ಮುಂದೆ ನಿಂತಿದ್ದರು. ನಾನು ಅವರ ಕಡೆಗೆ ಕೈ ತೋರಿಸಿ, "ಭಾಗ ಸರಿಯಾದದ್ದೇ. ಮಿಸ್ತ್ರಿ ಅದನ್ನು ನೀಟಾಗಿ ಕೂರಿಸಿಲ್ಲ" ಎಂದೆ.

ಮಿಸ್ತ್ರಿ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡರು. ಅಂದು ಸಂಜೆ ಕೆಲಸ ಮುಗಿಸಿ, ಪಾನಾ ಪೆಟ್ಟಿಗೆಯ ಕೀಲಿಯನ್ನು ನಮ್ಮ ತಂದೆಯವರ ಭಾವಚಿತ್ರದ ಕೆಳಗಿನ ಮೊಳೆಗೆ ಸಿಕ್ಕಿಸಿ ಹೋದರು. ಮರುದಿನ ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಸೇವೆ ಒಂದು ಮಾತಿನಲ್ಲಿ ಮುಗಿಯಿತು.

ಮುಂದಿನ ಎರಡು ತಿಂಗಳಲ್ಲಿ ಇನ್ನಿಬ್ಬರು ಬಿಟ್ಟರು. ಒಬ್ಬ ಮಣ್ಣು ಅಗೆಯುವ ಯಂತ್ರಗಳ ಕಡೆಗೆ ಹೋದ, ಇನ್ನೊಬ್ಬ ಕಾಗಲ್ ಕಡೆಯ ಕೈಗಾರಿಕಾ ವಸಾಹತಿಗೆ. ಪಗಾರ ಹೆಚ್ಚೆಂದು ಇಬ್ಬರೂ ಹೇಳಿದರು. ನಾನೂ ಪಗಾರ ಹೆಚ್ಚಿಸಿ ಹೊಸಬರನ್ನು ಹುಡುಕಿದೆ. ನೆರೆಯ ಊರಿನ ಇನ್ನೊಬ್ಬ ವ್ಯಾಪಾರಿಯ ಮೆಕ್ಯಾನಿಕನಿಗೆ ಗುಟ್ಟಾಗಿ ಹೇಳಿ ಕಳುಹಿಸಿದೆ. ಬಂದವನು ನಾಲ್ಕು ತಿಂಗಳಲ್ಲಿ ಇನ್ನೊಬ್ಬರ ಕರೆಗೆ ಓಗೊಟ್ಟು ಹೋದ. ಐ.ಟಿ.ಐ. ಮುಗಿಸಿದ ಇಬ್ಬರು ಹುಡುಗರು ಸೇರಿದರು. ಅವರಿಗೆ ಕಲಿಸುವವರೇ ಇರಲಿಲ್ಲ. ಗಾಡಿಗಳು ಅಂಗಳದಲ್ಲಿ ನಿಂತವು. ಬಸ್ ನಿಲ್ದಾಣದ ಹಿಂದೆ ತಗಡಿನ ಶೆಡ್ಡಿನಲ್ಲಿ ಮಿಸ್ತ್ರಿ ಸ್ವಂತ ಕೆಲಸ ಹೂಡಿದ್ದರು. ನನ್ನ ಗಿರಾಕಿಗಳು ಅತ್ತ ನಡೆದರು. ಅವರ ವಿಷಯದಲ್ಲಿ ನನಗೆ ಹುಟ್ಟಿದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಉಂಡ ಮನೆಗೆ ಎರಡು ಬಗೆದರೆಂದು ಹೇಳಿಕೊಂಡು ತಿರುಗಿದೆ.

ಅದೇ ವರ್ಷ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ ಏಕಭುಕ್ತ, ಬಸದಿಯಲ್ಲಿ ಪ್ರವಚನ. ಉತ್ತಮ ಕ್ಷಮೆ, ಮಾರ್ದವ, ಆರ್ಜವ, ಶೌಚ, ಸತ್ಯ ಎಂದು ದಿನಕ್ಕೊಂದು ಧರ್ಮವನ್ನು ಕೇಳಿದೆ. ಪರ್ವ ಮುಗಿದ ಮೇಲೆ ರೂಢಿಯಂತೆ ಕ್ಷಮಾವಾಣಿಯ ಸುಮಾರು ಇನ್ನೂರು ಕಾರ್ಡುಗಳಿಗೆ ವಿಳಾಸ ಬರೆಯಲು ಕುಳಿತೆ. ತಾಯಿಯವರು ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಓದಿಸಿ ಕೇಳುತ್ತಿದ್ದರು. ಕೊನೆಗೆ ಅಂದರು:

"ಬೀಗರು ಅದಾರ, ಬ್ಯಾಂಕಿನವರು ಅದಾರ. ಮಿಸ್ತ್ರಿ ಹೆಸರು ಎಲ್ಲೈತೋ ತಮ್ಮಾ?"

ನಾನು ಮಾತಾಡಲಿಲ್ಲ. ಇನ್ನೂರು ಜನರಲ್ಲಿ ನಾನು ನಿಜವಾಗಿ ನೋಯಿಸಿದವರು ಎಷ್ಟು ಮಂದಿ ಎಂದು ಯೋಚಿಸಿದೆ. ಹೆಚ್ಚಿನವರನ್ನು ಆ ವರ್ಷ ನೋಡಿಯೂ ಇರಲಿಲ್ಲ. ನೋಯಿಸಿದ ಇಬ್ಬರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ವರ್ಕ್‌ಶಾಪಿನ ಯಾರ ಹೆಸರೂ ಎಂದೂ ಇರಲಿಲ್ಲ.

ಆ ರಾತ್ರಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆಗೆದೆ. ಅಣುವ್ರತಗಳಿಗೆ ತಗಲುವ ಅತಿಚಾರಗಳನ್ನು ಅಲ್ಲಿ ಎಣಿಸಿದ್ದಾರೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ. ಅಸ್ತೇಯ ವ್ರತದ ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ: ಒಂದರ ಹೆಸರಿನಲ್ಲಿ ಅದನ್ನೇ ಹೋಲುವ ಕೀಳು ವಸ್ತುವನ್ನು ಕೊಡುವುದು. ಆಯಿಲ್ ಸೀಲಿಗೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬ ಎರಡಿವೆ. ಇವು ದನಕರುಗಳಿಗೆ ಸಂಬಂಧಿಸಿದವೆಂದೇ ನಾನು ತಿಳಿದಿದ್ದೆ. ಹಂಗಾಮಿನಲ್ಲಿ ಮಧ್ಯಾಹ್ನ ಮೂರು ಗಂಟೆಯವರೆಗೆ ಬುತ್ತಿ ಬಿಚ್ಚಲು ಬಿಡದೆ ದುಡಿಸಿದ ಹುಡುಗರು ನೆನಪಾದರು. ಒಕ್ಕಲುತನದಲ್ಲಿಯೂ ಉದ್ಯೋಗದಲ್ಲಿಯೂ ಗೃಹಸ್ಥನಿಂದ ಆಗುವ ಕೆಲವು ಹಿಂಸೆ ಅನಿವಾರ್ಯವೆನ್ನುತ್ತೇವೆ. ನನ್ನದು ಅನಿವಾರ್ಯವಾಗಿರಲಿಲ್ಲ.

ಬೆಳಿಗ್ಗೆ ಇನ್ನೊಂದು ಸಂಗತಿ ಹೊಳೆಯಿತು. ಕ್ಷಮೆ ಕೇಳುವ ಮೊದಲು ಕೊಡಬೇಕಾದ ಬಾಕಿ ಇತ್ತು. ಆಗ ಜಾರಿಯಲ್ಲಿದ್ದ 1972ರ ಗ್ರ್ಯಾಚುಯಿಟಿ ಕಾಯಿದೆಯ ಪ್ರಕಾರ, ಐದು ವರ್ಷ ಪೂರೈಸಿದವರು ಕೆಲಸ ಬಿಟ್ಟರೆ ಸೇವೆಯ ಒಂದೊಂದು ವರ್ಷಕ್ಕೂ ಹದಿನೈದು ದಿನದ ವೇತನವನ್ನು ಮೂವತ್ತು ದಿನಗಳ ಒಳಗೆ ಕೊಡಬೇಕಿತ್ತು. ಅವರ ಕೊನೆಯ ಪಗಾರ 18,000 ರೂಪಾಯಿ. ಅದನ್ನು 26ರಿಂದ ಭಾಗಿಸಿ, 15ರಿಂದಲೂ 29ರಿಂದಲೂ ಗುಣಿಸಿದರೆ 3,01,154 ರೂಪಾಯಿ. ಅವರು ಕೇಳಿರಲಿಲ್ಲ, ನಾನು ಕೊಟ್ಟಿರಲಿಲ್ಲ. ಎಂಟು ತಿಂಗಳು ಆ ಹಣ ನನ್ನ ವ್ಯಾಪಾರದಲ್ಲಿ ತಿರುಗಿತ್ತು. ಬಡ್ಡಿ ಸೇರಿಸಿ ಚೆಕ್ ಬರೆದೆ.

ಮೊದಲು ರೈತರ ಮನೆಗೆ ಹೋದೆ. ಸೀಲು ನಕಲಿ, ಅದನ್ನು ಹಾಕಿಸಿದವನು ನಾನು, ಮಿಸ್ತ್ರಿ ಬೇಡವೆಂದಿದ್ದರು ಎಂದು ಹೇಳಿದೆ. ಚಾಲಕನ ಚಿಕಿತ್ಸೆಯ ಮತ್ತು ಗಾಡಿಯ ಖರ್ಚನ್ನು ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಂದ ಹೇಳಿದ್ರ ನನಗ ಸಿಟ್ಟ ಬರ್ತಿತ್ತು. ಇವತ್ತ ಸಿಟ್ಟಿಲ್ಲ, ಆದ್ರ ಮದಲಿನ ವಿಶ್ವಾಸನೂ ಇಲ್ಲ" ಎಂದರು. ಆ ಮಾತು ನ್ಯಾಯವಾದದ್ದೇ.

ಮಿಸ್ತ್ರಿ ಶೆಡ್ಡಿನಲ್ಲಿದ್ದರು. ಚೆಕ್ಕನ್ನು ಎರಡು ಸಲ ನೋಡಿ ಜೇಬಿನಲ್ಲಿಟ್ಟುಕೊಂಡರು. ನಾನು ಕೈಮುಗಿದೆ. ಅವರು ಹೇಳಿದ್ದು ಇಷ್ಟು:

"ರೊಕ್ಕ ನನ್ನ ದುಡಿಮೀದು, ತಗೋತೀನ್ರಿ. ಆದ್ರ ಅಣ್ಣಾರ, ನೀವು ಆ ಮಾತು ಹತ್ತು ಮಂದಿ ಮುಂದ ಆಡಿದ್ರಿ. ಇಲ್ಲಿ ನಾವಿಬ್ಬರ ಅದೀವಿ."

ನನಗೆ ಅರ್ಥವಾಯಿತು. ಆ ವರ್ಷದ ಖಂಡೇನವಮಿಯ ದಿನ ಅಂಗಡಿಯ ಪೂಜೆಗೆ ಗಿರಾಕಿಗಳು ಸೇರಿದಾಗ, ಆ ರೈತರ ಮುಂದೆ, ಹುಡುಗರ ಮುಂದೆ, ನಡೆದದ್ದನ್ನು ನಡೆದಂತೆ ಹೇಳಿದೆ. ನಾಲಿಗೆ ಒಣಗಿತ್ತು. ಮಿಸ್ತ್ರಿ ಹಿಂದೆ ಬಾಗಿಲ ಬಳಿ ನಿಂತು ಕೇಳಿ, ಪ್ರಸಾದ ತೆಗೆದುಕೊಂಡು ಹೋದರು. ಕೆಲಸಕ್ಕೆ ಮರಳಲಿಲ್ಲ. ನಾನೂ ಕರೆಯಲಿಲ್ಲ, ಕರೆದಿದ್ದರೆ ಕ್ಷಮಾಯಾಚನೆಯೂ ಒಂದು ವ್ಯಾಪಾರವಾಗುತ್ತಿತ್ತು.

2019ರ ಆಗಸ್ಟ್ ತಿಂಗಳ ಮಹಾಪೂರ ಈ ಭಾಗದ ಯಾರಿಗೂ ಮರೆಯುವಂಥದಲ್ಲ. ನದೀತೀರದ ಊರುಗಳಲ್ಲಿ ಮನೆಗಳೇ ಮುಳುಗಿದವು. ಟ್ರ್ಯಾಕ್ಟರುಗಳು ದಿನಗಟ್ಟಲೆ ನೀರಿನ ಕೆಳಗೆ ನಿಂತವು. ನೀರು ಇಳಿದ ಮೇಲೆ ನಲವತ್ತಕ್ಕೂ ಹೆಚ್ಚು ಗಾಡಿಗಳಿಗೆ ನಮ್ಮಲ್ಲಿ ಕರೆ ಬಂತು. ಇದ್ದ ಹುಡುಗರು ನಾಲ್ವರು. ಮುಳುಗಿದ ಎಂಜಿನನ್ನು ಬಿಚ್ಚಿದ ಅನುಭವ ಯಾರಿಗೂ ಇರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಮಿಸ್ತ್ರಿ ಬಂದು ಬಾಗಿಲಲ್ಲಿ ನಿಂತರು. "ಯಾರೂ ಸ್ಟಾರ್ಟರ್ ಒತ್ತಬ್ಯಾಡ್ರಿ ಅಂತ ಮದಲ ಎಲ್ಲಾ ಹಳ್ಳಿಗೂ ಫೋನ್ ಮಾಡ್ರಿ" ಎಂದರು.

ಆ ಒಂದು ಮಾತು ಎಷ್ಟೋ ಎಂಜಿನುಗಳನ್ನು ಉಳಿಸಿತು. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸ್ಟಾರ್ಟರ್ ಒತ್ತಿದರೆ, ನೀರು ಅದುಮಿದರೆ ಕುಗ್ಗುವ ವಸ್ತುವಲ್ಲವಾದ್ದರಿಂದ ಕನೆಕ್ಟಿಂಗ್ ರಾಡು ಬಾಗುತ್ತದೆ. ಹತ್ತು ಸಾವಿರದಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಏರುತ್ತದೆ. ಮೊದಲು ಇಂಜೆಕ್ಟರುಗಳನ್ನು ಕಳಚಿ, ಎಂಜಿನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಬೇಕು. ಎಂಜಿನ್, ಗೇರ್‌ಪೆಟ್ಟಿಗೆ, ಹೈಡ್ರಾಲಿಕ್ ಇವುಗಳ ಎಣ್ಣೆಯನ್ನೆಲ್ಲ ಇಳಿಸಿ ತೊಳೆದು ಹೊಸದನ್ನು ತುಂಬಬೇಕು. ಡೀಸೆಲ್ ಟ್ಯಾಂಕು, ಫಿಲ್ಟರುಗಳು, ಏರ್ ಕ್ಲೀನರ್ ಶುದ್ಧವಾಗಬೇಕು. ಸ್ಟಾರ್ಟರನ್ನೂ ಡೈನಮೊವನ್ನೂ ಬಿಚ್ಚಿ ಒಣಗಿಸಬೇಕು. ಚಕ್ರದ ಬೇರಿಂಗುಗಳ ಗ್ರೀಸನ್ನು ಬದಲಿಸಬೇಕು. ಮಿಸ್ತ್ರಿ ಹುಡುಗರಿಂದ ಎಲ್ಲವನ್ನೂ ಮಾಡಿಸಿದರು. ತಾವು ಪಕ್ಕದಲ್ಲಿ ನಿಂತು ಹೇಳಿದರು. ಮೂರು ವಾರಗಳಲ್ಲಿ ಆ ಹುಡುಗರು ಮೂರು ವರ್ಷಗಳಷ್ಟು ಕಲಿತರು. ರೈತರ ಕಷ್ಟ ನೋಡಿ ನಾವು ಆ ಕೆಲಸಕ್ಕೆ ಕೂಲಿಯನ್ನು ಹಾಕಲಿಲ್ಲ. ಎಣ್ಣೆಯ ಮತ್ತು ಬಿಡಿಭಾಗಗಳ ಖರೀದಿ ಬೆಲೆಯನ್ನಷ್ಟೇ ತೆಗೆದುಕೊಂಡೆವು. ಹುಡುಗರ ಪಗಾರ, ಮಿಸ್ತ್ರಿಯ ದಿನಗೂಲಿ ಅಂಗಡಿಯ ಲೆಕ್ಕಕ್ಕೆ.

ಕೊನೆಯ ದಿನ ಮಿಸ್ತ್ರಿ, "ವಾರಕ್ಕ ಎರಡ ದಿನ ಬರ್ತೀನ್ರಿ, ಕಲಸಾಕ. ನೌಕರಿಗಲ್ಲ" ಎಂದರು. ಹಾಗೆ ಬರುವುದಕ್ಕೆ ಅವರು ಹಾಕಿದ ಕಟ್ಟಳೆಗಳೇ ಇಂದು ನಮ್ಮ ವರ್ಕ್‌ಶಾಪಿನ ಕಟ್ಟಳೆಗಳು. ಬಿಡಿಭಾಗದ ಪೊಟ್ಟಣವನ್ನು ಗಿರಾಕಿಯ ಎದುರಿಗೆ ಒಡೆಯಬೇಕು. ತೆಗೆದ ಹಳೆಯ ಭಾಗವನ್ನು ಅವರ ಕೈಗೆ ಕೊಡಬೇಕು. ಅಗ್ಗದ ಭಾಗವನ್ನು ಗಿರಾಕಿಯೇ ಬಯಸಿದರೆ ಬಿಲ್ಲಿನಲ್ಲಿ ಹಾಗೆಂದೇ ಬರೆಯಬೇಕು; ಬ್ರೇಕು, ಸ್ಟಿಯರಿಂಗುಗಳಿಗೆ ಮಾತ್ರ ಕೇಳಿದರೂ ಹಾಕಬಾರದು. ಬಿಡಿಭಾಗ ಮಾರಿದ್ದಕ್ಕೆ ಪ್ರೋತ್ಸಾಹಧನವಿಲ್ಲ. ಅದೇ ದೋಷಕ್ಕೆ ಗಾಡಿ ಮರಳಿ ಬಾರದಿದ್ದರೆ ಇದೆ. ತನ್ನ ಕೈತಪ್ಪನ್ನು ತಾನೇ ಬಂದು ಹೇಳಿದವನ ಪಗಾರದಲ್ಲಿ ಒಂದು ರೂಪಾಯಿಯನ್ನೂ ಕಡಿಯಬಾರದು. ಒಂದು ಗಂಟೆಗೆ ಊಟ. ಯಾವ ಹಂಗಾಮೇ ಇರಲಿ. ರಾತ್ರಿ ಹೊಲದಲ್ಲಿ ಕೆಟ್ಟು ನಿಂತ ಗಾಡಿಗೆ ಒಬ್ಬನನ್ನೇ ಕಳುಹಿಸಬಾರದು. ಗಿರಾಕಿಯ ಎದುರಿಗೆ ಮೆಕ್ಯಾನಿಕನನ್ನು ಬಯ್ಯಬಾರದು.

ಕೊನೆಯ ಕಟ್ಟಳೆಯನ್ನು ಒಪ್ಪುವುದು ನನಗೆ ಎಲ್ಲಕ್ಕಿಂತ ಕಠಿಣವಾಯಿತು: ಸ್ವಂತ ಗ್ಯಾರೇಜು ಹಾಕಲು ಹೋಗುವವನನ್ನು ಶತ್ರುವೆಂದು ತಿಳಿಯಬಾರದು, ಅವನಿಗೆ ಬಿಡಿಭಾಗಗಳನ್ನು ಸಗಟು ದರದಲ್ಲಿ ಕೊಡಬೇಕು. ಹಾಗೆ ಹೋದ ಇಬ್ಬರು ಇಂದು ನಮ್ಮಿಂದಲೇ ಮಾಲು ಒಯ್ಯುತ್ತಾರೆ. ತಮಗೆ ಬಗೆಹರಿಯದ ಗಾಡಿಗಳನ್ನು ನಮ್ಮಲ್ಲಿಗೆ ಕಳುಹಿಸುತ್ತಾರೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಪಗಾರಕ್ಕಾಗಿ ಹೋಗುವವರು ಈಗಲೂ ಹೋಗುತ್ತಾರೆ. ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವನು ಹೆಚ್ಚು ಕೊಡುವಲ್ಲಿಗೆ ಹೋದರೆ ಅದು ತಪ್ಪಲ್ಲ. ಪಗಾರ ಸಾಲದಿದ್ದರೆ ಸದ್ಗುಣ ಯಾರ ಹೊಟ್ಟೆಯನ್ನೂ ತುಂಬುವುದಿಲ್ಲ. ಆದ್ದರಿಂದ ಅದನ್ನೂ ಹೆಚ್ಚಿಸಿದ್ದೇವೆ. ಆದರೆ ಮಹಾಪೂರದ ಕಾಲದ ನಾಲ್ವರಲ್ಲಿ ಮೂವರು ಇಂದಿಗೂ ಇದ್ದಾರೆ. ಅವರಲ್ಲಿ ಒಬ್ಬನನ್ನು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆಗೆ ಕಳುಹಿಸಿದ್ದೆವು. 2023ರ ಜನವರಿಯಿಂದ ಐವತ್ತು ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದ ಮೇಲೆ ವಿದ್ಯುನ್ಮಾನ ನಿಯಂತ್ರಣದ ಎಂಜಿನುಗಳು ಬರತೊಡಗಿವೆ. ಅವುಗಳ ಎಲ್ಲ ದೋಷವೂ ಕಿವಿಗೆ ಕೇಳುವುದಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ಓದಬೇಕು. ಆ ಹುಡುಗ ಅದನ್ನು ಓದಿ ಹೇಳುತ್ತಾನೆ, ಮಿಸ್ತ್ರಿ ಕನ್ನಡಕ ಏರಿಸಿಕೊಂಡು ಕೇಳುತ್ತಾರೆ. "ಈಗ ನೀ ಹೇಳೋ, ನಾ ಕಲೀತೀನಿ" ಎನ್ನುತ್ತಾರೆ. ಅವರ ಬಾಯಿಂದ ಆ ಮಾತು ಕೇಳಿದ ಹುಡುಗ ಅಷ್ಟು ಸುಲಭವಾಗಿ ಬಿಟ್ಟು ಹೋಗಲಾರ.

ಬಸದಿಗಳ ಟ್ರಸ್ಟಿನ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ವಿದ್ಯಾರ್ಥಿವೇತನಗಳು ಹೆಚ್ಚಾಗಿ ವೈದ್ಯಕೀಯಕ್ಕೂ ಎಂಜಿನಿಯರಿಂಗಿಗೂ ಹೋಗುತ್ತವೆ, ಹೋಗಲಿ. ಅದರೊಂದಿಗೆ ಐ.ಟಿ.ಐ.ಯಲ್ಲಿ ಟ್ರ್ಯಾಕ್ಟರ್ ಅಥವಾ ಡೀಸೆಲ್ ಮೆಕ್ಯಾನಿಕ್ ವಿಭಾಗ ಓದುವ ಬಡ ಹುಡುಗರಿಗೆ, ಅವರು ಯಾವ ಸಮಾಜದವರೇ ಆಗಿರಲಿ, ಒಂದು ಪಾನಾ ಪೆಟ್ಟಿಗೆಯನ್ನು ಕೊಡಿಸುವ ಪದ್ಧತಿಯನ್ನು ಇಟ್ಟುಕೊಳ್ಳಬಹುದಲ್ಲವೇ? ನಾವು ಉಣ್ಣುವ ಅನ್ನದ ಹಿಂದೆ ಒಕ್ಕಲಿಗನ ಕೈ ಇರುವಂತೆ, ಅವನ ಯಂತ್ರದ ಹಿಂದೆ ಎಣ್ಣೆ ಮೆತ್ತಿದ ಇನ್ನೊಂದು ಕೈ ಇದೆ.

ಈಗ ಕ್ಷಮಾವಾಣಿಯ ಕಾರ್ಡುಗಳನ್ನು ನಾನು ಬರೆಯುವುದು ಕಡಿಮೆ. ಆ ದಿನ ಬೆಳಿಗ್ಗೆ ಬಸದಿಯಿಂದ ನೇರವಾಗಿ ವರ್ಕ್‌ಶಾಪಿಗೆ ಹೋಗುತ್ತೇನೆ. ಒಬ್ಬೊಬ್ಬರ ಬಳಿಯೂ ನಿಂತು, ವರ್ಷದಲ್ಲಿ ಆಡಬಾರದ್ದನ್ನು ಆಡಿದ್ದರೆ ಅದನ್ನು ನೆನೆಸಿ ಹೇಳಿ ಕೈಮುಗಿಯುತ್ತೇನೆ. ಮೊದಲ ವರ್ಷ ಹುಡುಗರು ನಾಚಿ ಹಿಂದೆ ಸರಿದರು. ಈಗ ಅವರೂ ಹೇಳುತ್ತಾರೆ: ಯಾವ ನಟ್ಟು ಕಳೆದದ್ದು, ಯಾವ ಗಾಡಿಯನ್ನು ಪರೀಕ್ಷಿಸದೆ ಬಿಟ್ಟದ್ದು. ಕಳೆದ ಸಲ ಮಿಸ್ತ್ರಿಯ ಮುಂದೆ ನಿಂತಾಗ ಅವರು, "ಈ ವರ್ಷ ಏನೂ ಇಲ್ರಿ ಅಣ್ಣಾರ" ಎಂದು, ಸ್ವಲ್ಪ ತಡೆದು, "ಆ ಪಿನಿಯನ್ ಶಿಮ್ ಇನ್ನೂ ಬಂದಿಲ್ಲ, ಅದನ್ನ ನೋಡ್ರಿ" ಎಂದರು.